ಮಗ್ಗುಲ ಬೆಳಕು

ರಾಂಪುರದಲ್ಲಿ ಮಳೆಗೆ ಬಡತನವುಂಟು, ಬೆಳಕಿಗಿಲ್ಲ. ಬಳ್ಳಾರಿಯಿಂದ ಚಳ್ಳಕೆರೆಯ ಕಡೆಗೆ ಹೋಗುವ ಹೆದ್ದಾರಿಯ ಮೇಲೆ, ಆಂಧ್ರದ ಗಡಿಗೆ ಸಮೀಪದಲ್ಲಿರುವ ಮೊಳಕಾಲ್ಮೂರು ತಾಲ್ಲೂಕಿನ ಈ ಊರು ರಾಜ್ಯದಲ್ಲಿಯೇ ಬಹು ಕಡಮೆ ಮಳೆ ಬೀಳುವ ಸೀಮೆಗೆ ಸೇರಿದುದು. ವರ್ಷದ ಬಹುಭಾಗ ಆಕಾಶದಲ್ಲಿ ಮೋಡದ ಸುಳಿವಿರುವುದಿಲ್ಲ; ಕಲ್ಲುಗುಡ್ಡಗಳ ಮೇಲೆ ಬಿಸಿಲು ಕಾದು ಕಣ್ಣು ಕೋರೈಸುತ್ತದೆ. ಇಷ್ಟು ಧಾರಾಳವಾದ ಬೆಳಕಿರುವ ಊರಿನಲ್ಲಿ ಒಬ್ಬರ ಮುಖದ ಚಿತ್ರವನ್ನು ತೆಗೆಯಲು ಕೃತಕವಾದ ಮಿಂಚೇಕೆ ಬೇಕು ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ನೆತ್ತಿಯ ಮೇಲೆ ನಿಂತ ಸೂರ್ಯ ಮುಖವನ್ನು ತೋರಿಸುವುದಕ್ಕಿಂತ ಮರೆಸುವುದೇ ಹೆಚ್ಚು. ಹುಬ್ಬಿನ ಕೆಳಗೆ ಎರಡು ಕರಿಯ ಗುಳಿ, ಮೂಗಿನ ಕೆಳಗೆ ಮೀಸೆಯಂತಹ ಒಂದು ನೆರಳು, ತುಟಿಗಳ ಸುಳಿವೇ ಇಲ್ಲ. ನೆರಳಿಗೆಂದು ಮಾಳಿಗೆ ಮನೆಯೊಳಗೆ ಹೋದರೆ ಅಲ್ಲಿ ಕತ್ತಲೆ. ಕತ್ತಲೆಯಲ್ಲಿ ಕ್ಯಾಮರಾದ ತಲೆಯ ಮೇಲಿರುವ ಫ್ಲಾಶನ್ನು ಹಾರಿಸಿದರೆ ಮುಖಕ್ಕೆ ಸುಣ್ಣ ಬಳಿದಂತಾಗಿ, ಕಣ್ಣುಗಳು ಬೆಚ್ಚಿ, ಹಿಂದಿನ ಗೋಡೆಯ ಮೇಲೆ ಕರಿಯ ನೆರಳೊಂದು ಅಂಟಿಕೊಂಡು ನಿಲ್ಲುತ್ತದೆ. ಈ ಮೂರು ತೊಡಕುಗಳಿಂದ ಪಾರಾಗುವ ಉಪಾಯವೇ ಫ್ಲಾಶನ್ನು ಕ್ಯಾಮರಾದಿಂದ ಬಿಡಿಸಿ ಮಗ್ಗುಲಿಗೆ ಇಡುವುದು. ಕೇಳಲು ಸುಲಭ, ಕೈಗೂಡಲು ಒಂದೆರಡು ವರ್ಷದ ಭಾನುವಾರಗಳು ಬೇಕು.

ಇದು ಬರಿಯ ವಿನೋದದ ಮಾತಲ್ಲ. ಹಳ್ಳಿಯ ಮನೆಗಳಲ್ಲಿ ಗೋಡೆಯ ಮೇಲೆ ಕುಂಕುಮ, ಹೂಮಾಲೆ ಹೊತ್ತು ನಿಂತಿರುವ ಹಿರಿಯರ ಪಟಗಳನ್ನು ಗಮನಿಸಿ ನೋಡಿದವರಿಗೆ ಅದು ತಿಳಿಯುತ್ತದೆ. ಎಪ್ಪತ್ತು ಎಂಬತ್ತು ವರ್ಷ ಬಾಳಿದ ಜೀವದ ಒಂದೇ ಒಂದು ಒಳ್ಳೆಯ ಚಿತ್ರ ಮನೆಯಲ್ಲಿ ಇಲ್ಲದ ಕಾರಣ, ತೀರಿಹೋದ ಮೇಲೆ ಗುರುತಿನ ಚೀಟಿಗೆ ತೆಗೆಸಿದ ಚಿಕ್ಕ ಚಿತ್ರವನ್ನೇ ಸ್ಟುಡಿಯೋಕ್ಕೆ ಕೊಟ್ಟು ದೊಡ್ಡದು ಮಾಡಿಸುವ ರೂಢಿ ಎಲ್ಲ ಕಡೆಗೂ ಉಂಟು. ಪಾಸ್‌ಪೋರ್ಟ್ ಅಳತೆಯ ಚಿತ್ರದ ಅಗಲ 35 ಮಿಲಿಮೀಟರು. ಅದನ್ನು ಹತ್ತಂಗುಲದ ಅಗಲಕ್ಕೆ ಹಿಗ್ಗಿಸಬೇಕಾದರೆ ಏಳು ಪಟ್ಟಿಗಿಂತಲೂ ಹೆಚ್ಚು ಎಳೆಯಬೇಕು. ಎಳೆದಾಗ ಉಳಿಯುವುದು ಮುಖವಲ್ಲ, ಮುಖದ ಒಂದು ವದಂತಿ. ಮೊಮ್ಮಕ್ಕಳು ಅಜ್ಜಿಯೆಂದು ಕೈಮುಗಿಯುವುದು ಆ ವದಂತಿಗೆ. ಅಜ್ಜಿ ಬದುಕಿರುವಾಗಲೇ ಅರ್ಧ ಗಂಟೆ ಎದುರಿಗೆ ಕುಳಿತು, ಬೆಳಕನ್ನು ಎಲ್ಲಿಡಬೇಕೋ ಅಲ್ಲಿಟ್ಟು ಒಂದು ಚಿತ್ರ ತೆಗೆಯಬಲ್ಲ ಹವ್ಯಾಸಿ ಯುವಕನೊಬ್ಬ ಓಣಿಯಲ್ಲಿದ್ದರೆ ಆ ಓಣಿಗೆ ಅದೊಂದು ಭಾಗ್ಯವೇ.

ಮಗ್ಗುಲಿನ ಬೆಳಕು ಮಾಡುವ ಉಪಕಾರವೇನೆಂಬುದನ್ನು ಅರಿಯಲು ದೂರ ಹೋಗಬೇಕಾದುದಿಲ್ಲ. ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಕಿರು ಶಿಲಾಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದಂತಹವು. ಎರಡು ಸಾವಿರದ ಇನ್ನೂರಕ್ಕೂ ಮಿಕ್ಕಿದ ವರ್ಷಗಳ ಗಾಳಿ ಬಿಸಿಲುಗಳಿಗೆ ಬಂಡೆಯ ಮೇಲಿನ ಅಕ್ಷರಗಳು ಸವೆದಿವೆ. ಇಂತಹ ಸವೆದ ಶಾಸನಕ್ಕೆ ಎದುರಿನಿಂದ ಬೆಳಕು ಹಾಯಿಸಿದರೆ ಬಂಡೆ ಬರಿಯ ಬಂಡೆಯಾಗಿಯೇ ಕಾಣುತ್ತದೆ. ಅದೇ ಬೆಳಕನ್ನು ಕಲ್ಲಿನ ಮೈಗೆ ಸವರಿದಂತೆ ಓರೆಯಾಗಿ ಹಾಯಿಸಿದರೆ ಪ್ರತಿಯೊಂದು ಗೀರೂ ತನ್ನ ಒಂದು ಅಂಚಿನಲ್ಲಿ ಬೆಳಕನ್ನೂ ಮತ್ತೊಂದು ಅಂಚಿನಲ್ಲಿ ನೆರಳನ್ನೂ ಹಿಡಿದು ಎದ್ದು ನಿಲ್ಲುತ್ತದೆ. ಶಾಸನಗಳ ಚಿತ್ರ ತೆಗೆಯುವವರೆಲ್ಲರೂ ಈ ಯುಕ್ತಿಯನ್ನು ಬಲ್ಲರು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ಹೇಳಿಕೊಂಡು, ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿ ಹೋಗಿದ್ದಾನೆ. ಮುಪ್ಪಿನ ಮುಖವೂ ಒಂದು ಶಾಸನವೇ. ಸುಕ್ಕಿನ ಆಳ, ಗಲ್ಲದ ಏರಿಳಿತ, ಹಣೆಯ ಗೆರೆ, ಇವನ್ನು ಓದಬೇಕಾದರೆ ಬೆಳಕು ಓರೆಯಾಗಿ ಬರಬೇಕು. ಎದುರಿನ ಫ್ಲಾಶ್ ಆ ಅಕ್ಷರಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಡುತ್ತದೆ.

ಮಿಂಚಿನ ಬೆಳಕನ್ನು ಮನುಷ್ಯ ಪಳಗಿಸಿದ ಕಥೆ ಸ್ವಾರಸ್ಯವಾದದ್ದು. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1851ರಲ್ಲಿಯೇ ಗಿರ್ರನೆ ತಿರುಗುವ ಚಕ್ರಕ್ಕೆ ವೃತ್ತಪತ್ರಿಕೆಯ ಹಾಳೆಯೊಂದನ್ನು ಅಂಟಿಸಿ, ವಿದ್ಯುತ್ತಿನ ಒಂದು ಕಿಡಿಯ ಬೆಳಕಿನಲ್ಲಿ ಅದರ ಚಿತ್ರ ತೆಗೆದನು. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬಿಬ್ಬರು ಮೆಗ್ನೀಸಿಯಮ್ ಬೆರೆತ ಫ್ಲಾಶ್ ಪುಡಿಯನ್ನು ಹೊರತಂದರು. ತಟ್ಟೆಯಲ್ಲಿ ಪುಡಿ ಸುರುವಿ ಕಿಡಿ ತಾಗಿಸಿದರೆ ಭಗ್ಗೆಂದು ಉರಿದು, ಕೋಣೆಯ ತುಂಬ ಬಿಳಿಯ ಹೊಗೆ. ಕೆಲವೊಮ್ಮೆ ಚಿತ್ರ ತೆಗೆಯುವವನ ಹುಬ್ಬೂ ಸುಟ್ಟುಹೋಗುತ್ತಿತ್ತು. 1929ರ ಸುಮಾರಿಗೆ ಗಾಜಿನ ಬುರುಡೆಯೊಳಗೇ ಉರಿದು ನಂದುವ ಫ್ಲಾಶ್ ಬಲ್ಬು ಬಂತು. ಒಂದು ಬಲ್ಬಿಗೆ ಒಂದೇ ಚಿತ್ರ. ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ತನ್ನು ಹಾಯಿಸಿ ಮತ್ತೆ ಮತ್ತೆ ಮಿಂಚಿಸಬಲ್ಲ ದೀಪವನ್ನು ಬಳಕೆಗೆ ತಂದನು. ಇಂದು ನಾಲ್ಕು ಪೆನ್‌ಸೆಲ್ಲುಗಳಿಂದ ನಡೆಯುವ ಅಂಗೈಯಗಲದ ಫ್ಲಾಶ್ ಆ ದೀಪದ ವಂಶಕ್ಕೆ ಸೇರಿದುದು. ಒಂದು ಎಚ್ಚರಿಕೆ: ಅದರ ಹೊಟ್ಟೆಯೊಳಗಿನ ಕೆಪಾಸಿಟರು ಸುಮಾರು ಮುನ್ನೂರು ವೋಲ್ಟುಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಕೆಟ್ಟಿತೆಂದು ಮನೆಯಲ್ಲಿಯೇ ಬಿಚ್ಚುವ ಉತ್ಸಾಹ ಸರ್ವಥಾ ಬೇಡ. ಬೀರುವಿನಲ್ಲಿ ಸಿಕ್ಕಿದ ಹಳೆಯ ಕಾಲದ ಫ್ಲಾಶನ್ನು ಈಗಿನ ಡಿಜಿಟಲ್ ಕ್ಯಾಮರಾಕ್ಕೆ ನೇರವಾಗಿ ಸಿಕ್ಕಿಸುವುದೂ ಅಪಾಯವೇ. ಕೆಲವು ಹಳೆಯ ಫ್ಲಾಶುಗಳ ಸಂಪರ್ಕದ ವೋಲ್ಟೇಜು ಕ್ಯಾಮರಾದ ಒಳಗನ್ನು ಸುಟ್ಟುಬಿಡಬಲ್ಲದು.

ಕಲಿಯುವವನು ಮೊದಲು ಕೊಳ್ಳಬೇಕಾದುದು ಏನೂ ಇಲ್ಲವೆಂದರೆ ಅಂಗಡಿಯವರು ಮುನಿಯಬಹುದು. ಆದರೂ ನಿಜ. ಈ ಸೀಮೆಯ ಮಾಳಿಗೆ ಮನೆಗಳ ಬೆಳಕಿಂಡಿಯೇ ಮೊದಲನೆಯ ಗುರು. ಅದರ ಕೆಳಗೆ ಒಂದು ಮಣ್ಣಿನ ಮಡಕೆಯನ್ನಿಟ್ಟು ಸುತ್ತಲೂ ತಿರುಗಿ ನೋಡಬೇಕು. ಬೆಳಕು ನೇರವಾಗಿ ತಾಗುವಲ್ಲಿ ಒಂದು ಹೊಳಪು, ಅದು ಕರಗುತ್ತ ಹೋಗಿ ನೆರಳಾಗುವ ಒಂದು ಗಡಿ, ನೆರಳಿನೊಳಗೂ ನೆಲದಿಂದ ಪುಟಿದು ಬರುವ ಮಂದವಾದ ಮತ್ತೊಂದು ಬೆಳಕು, ಈ ಮೂರನ್ನೂ ಮಡಕೆಯ ಮೇಲೆ ಗುರುತಿಸಬಲ್ಲವನು ಮುಖದ ಮೇಲೆಯೂ ಗುರುತಿಸಬಲ್ಲನು. ಮಡಕೆಯಿಂದ ಬೇರೊಂದು ಅನುಕೂಲವೂ ಉಂಟು: ಎಷ್ಟು ಹೊತ್ತು ಕೂರಿಸಿದರೂ ಬೇಸರಿಸುವುದಿಲ್ಲ. ಆಮೇಲೆ ಮಡಕೆಯ ನೆರಳಿನ ಪಕ್ಕಕ್ಕೆ ಬಿಳಿಯ ಪಂಚೆಯೊಂದನ್ನೋ ಥರ್ಮೋಕೋಲ್ ಹಲಗೆಯನ್ನೋ ಹಿಡಿದು, ನೆರಳು ಎಷ್ಟು ತಿಳಿಯಾಗುವುದೆಂದು ನೋಡಬೇಕು. ಇಷ್ಟಾದ ಮೇಲೆ ಫ್ಲಾಶಿಗೆ ಕೈಹಾಕಿದರೆ ಸಾಕು.

ಆಗಲೂ ದುಬಾರಿಯಾದದ್ದು ಬೇಡ. ಶಕ್ತಿಯನ್ನು ಕೈಯಿಂದಲೇ ಪೂರ್ತಿ, ಅರ್ಧ, ಕಾಲು ಎಂದು ಹೊಂದಿಸಬಹುದಾದ ಒಂದು ಸಾದಾ ಫ್ಲಾಶ್, ಅದನ್ನು ದೂರದಿಂದ ಹಾರಿಸುವ ಒಂದು ಜೊತೆ ರೇಡಿಯೋ ಟ್ರಿಗರ್, ಒಂದು ಸ್ಟ್ಯಾಂಡು, ಒಂದು ಬಿಳಿಯ ಕೊಡೆ. ಎಲ್ಲವನ್ನೂ ತಾನೇ ಲೆಕ್ಕ ಹಾಕಿಕೊಳ್ಳುವ ಫ್ಲಾಶಿನಿಂದ ಚಿತ್ರ ಬೇಗ ಬರಬಹುದು. ವಿದ್ಯೆ ಬರುವುದು ತಡವಾಗುತ್ತದೆ. ಕೈಲೆಕ್ಕವೂ ಕಠಿನವಲ್ಲ. ಫ್ಲಾಶಿಗೆ ಒಂದು ಗೈಡ್ ನಂಬರ್ ಇರುತ್ತದೆ. ಅದನ್ನು ಫ್ಲಾಶಿಗೂ ಮುಖಕ್ಕೂ ಇರುವ ದೂರದಿಂದ ಭಾಗಿಸಿದರೆ ಮಸೂರದ ದ್ವಾರದ ಅಂಕಿ ದೊರೆಯುತ್ತದೆ. ಗೈಡ್ ನಂಬರ್ 36 ಇದ್ದು, ದೂರ ನಾಲ್ಕೂವರೆ ಮೀಟರಾದರೆ ಎಫ್ 8. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯನ್ನು ಮಾತ್ರ ಪೂರ್ತಿಯಾಗಿ ನಂಬಬಾರದು. ಬೆಳಕನ್ನು ಸೂಜಿಯಂತೆ ಕಿರಿದುಗೊಳಿಸಿದಾಗ ಬರುವ ದೊಡ್ಡ ಅಂಕಿಯನ್ನೇ ತಯಾರಕರು ಮುಂದುಮಾಡುವುದು ವಾಡಿಕೆ.

ಕಲಿಯುವವರು ಎಡವುವುದು ಬೇರೊಂದು ಕಡೆ. ಫ್ಲಾಶ್ ಹಾರಿಸಿ ತೆಗೆದ ಚಿತ್ರವೆಂದರೆ ಒಂದರೊಳಗೊಂದು ಹೊಕ್ಕ ಎರಡು ಚಿತ್ರಗಳು. ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಮುಗಿದುಹೋಗುತ್ತದೆಯಾದ್ದರಿಂದ ಷಟರು ಆಮೇಲೂ ತೆರೆದಿತ್ತೋ ಇಲ್ಲವೋ ಅದಕ್ಕೆ ಚಿಂತೆಯಿಲ್ಲ. ಸುತ್ತಲಿನ ಬೆಳಕು ಹಾಗಲ್ಲ. ಷಟರು ಎಷ್ಟು ಹೊತ್ತು ತೆರೆದಿರುವುದೋ ಅಷ್ಟು ಹೊತ್ತೂ ಒಳಗೆ ಹರಿಯುತ್ತಲೇ ಇರುತ್ತದೆ. ಆದುದರಿಂದ ಮುಖದ ಮೇಲಿನ ಮಿಂಚನ್ನು ದ್ವಾರದಿಂದಲೂ, ಹಿಂದಿನ ಬಯಲು, ಗುಡ್ಡ, ಸಂಜೆಯ ಬಾನುಗಳನ್ನು ಷಟರಿನಿಂದಲೂ ಬೇರೆ ಬೇರೆಯಾಗಿ ಹಿಡಿತದಲ್ಲಿಡಬಹುದು. ಷಟರಿನ ವೇಗ ಸೆಕೆಂಡಿನ 1/200 ಅಥವಾ 1/250ನ್ನು ಮೀರಿದರೆ ಮಾತ್ರ, ಬಹುತೇಕ ಕ್ಯಾಮರಾಗಳಲ್ಲಿ ಷಟರಿನ ಪರದೆ ಒಮ್ಮೆಗೇ ಪೂರ್ತಿ ತೆರೆಯದೆ, ಚಿತ್ರದ ಒಂದು ಪಾಲು ಕಪ್ಪು ಪಟ್ಟಿಯಾಗಿಬಿಡುತ್ತದೆ. ಈ ಎರಡು ಚಿತ್ರಗಳ ಗುಟ್ಟು ಹೊಳೆದ ದಿನ ಹವ್ಯಾಸಿಯ ಪಾಲಿಗೆ ಹಬ್ಬ. ಅಂದಿನಿಂದ ಅವನು ರಾಂಪುರದ ಬಿಸಿಲಿಗೂ ಹೆದರಬೇಕಾದುದಿಲ್ಲ. ಕುಳಿತವರ ಬೆನ್ನನ್ನು ಸೂರ್ಯನಿಗೆ ಮಾಡಿಸಿದರೆ ಮುಖ ನೆರಳಿಗೆ ಬರುತ್ತದೆ, ಕಣ್ಣು ಕಿರಿದಾಗುವುದೂ ತಪ್ಪುತ್ತದೆ. ಐಎಸ್‌ಒ 100, ಷಟರು 1/200 ಎಂದಿಟ್ಟರೆ ತುಂಬು ಬಿಸಿಲಿಗೆ ಎಫ್ 11 ಹಿಡಿಸುತ್ತದೆ. 36ರ ಫ್ಲಾಶು ಕೊಡೆಯನ್ನು ಹಾದು ಬಂದಾಗ ಸುಮಾರು ಎರಡು ಸ್ಟಾಪು ಕಳೆದುಕೊಂಡು 18ಕ್ಕೆ ಇಳಿಯುತ್ತದೆ; ಒಂದೂವರೆ ಮೀಟರಿನಲ್ಲಿಟ್ಟರೆ ಎಫ್ 12 ಬಂತು. ಒಂಬತ್ತು ಕೋಟಿ ಮೂವತ್ತು ಲಕ್ಷ ಮೈಲಿಯಾಚೆಯ ಸೂರ್ಯನಿಗೆ ನಾಲ್ಕು ಪೆನ್‌ಸೆಲ್ಲುಗಳು ಸಮಜೋಡಿಯಾಗಿ ನಿಂತಂತಾಯಿತು! ಗಾಳಿಯ ಮಾತು ಬೇರೆ. ಈ ಬಯಲಿನ ಗಾಳಿಗೆ ಕೊಡೆಯೆಂದರೆ ಹಾಯಿ. ಸ್ಟ್ಯಾಂಡಿನ ಬುಡಕ್ಕೆ ಮರಳು ತುಂಬಿದ ಚೀಲವೊಂದನ್ನು ಕಟ್ಟದವನು ಫ್ಲಾಶಿನ ಚೂರುಗಳನ್ನು ಆರಿಸಬೇಕಾದೀತು.

ದೂರದ ವಿಷಯದಲ್ಲಿ ಒಂದು ಸೂತ್ರವನ್ನು ಶಾಲೆಯಲ್ಲಿ ಎಲ್ಲರೂ ಓದಿ ಮರೆತಿರುತ್ತಾರೆ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗವಾಗುತ್ತದೆ, ನಾಲ್ಕರಷ್ಟಾದರೆ ಹದಿನಾರರಲ್ಲೊಂದು ಪಾಲು. ಫ್ಲಾಶಿನಿಂದ ಮುಖ ಒಂದು ಮೀಟರಿನಲ್ಲಿದ್ದು ಗೋಡೆ ನಾಲ್ಕು ಮೀಟರಿನಲ್ಲಿದ್ದರೆ ಆ ಗೋಡೆ ಸುಣ್ಣದ್ದಾದರೂ ಕತ್ತಲೆಯಲ್ಲಿ ಮುಳುಗುತ್ತದೆ. ಇನ್ನೂ ಕಪ್ಪಾಗಬೇಕೆಂದರೆ ಚಳ್ಳಕೆರೆ ಸೀಮೆಯ ಕರಿಕಂಬಳಿಯಿದೆ. ಕುರಿಯ ಉಣ್ಣೆಯ ಒರಟು ನೇಯ್ಗೆ ಬಿದ್ದ ಬೆಳಕನ್ನು ನುಂಗಿಕೊಂಡು ಹಿಂದಕ್ಕೆ ಕೊಡುವುದೇ ಇಲ್ಲ. ಪಟ್ಟಣದ ಸ್ಟುಡಿಯೋಗಳವರು ಹಣ ಕೊಟ್ಟು ತರಿಸುವ ಕಪ್ಪು ಪರದೆಗಳಿಗಿಂತ ಇದು ಯಾವ ವಿಧದಲ್ಲಿಯೂ ಕಡಮೆಯಲ್ಲ. ಚಿತ್ರ ಮುಗಿದ ಮೇಲೆ ಹೊದ್ದು ಮಲಗಲಿಕ್ಕೂ ಆದೀತು.

ಕಷ್ಟ ಬರುವುದು ರುಮಾಲಿನಿಂದ. ಹಾಲಿನಂತಹ ಬಿಳಿಯ ರುಮಾಲು, ಅದರ ಕೆಳಗೆ ಬಿಸಿಲಿನಲ್ಲಿ ಕಪ್ಪಾದ ರೈತನ ಮುಖ, ಮೈಮೇಲೆ ಕರಿಕಂಬಳಿ. ಕ್ಯಾಮರಾಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ಕ್ಯಾಮರಾದ ಮಾಪಕ ಜಗತ್ತೆಲ್ಲವೂ ಬೂದಿಬಣ್ಣದ್ದೆಂದು ಭಾವಿಸಿಕೊಂಡಿರುವ ಯಂತ್ರ. ಕಂಬಳಿಯನ್ನು ಹೆಚ್ಚಾಗಿ ಕಂಡರೆ ಅದನ್ನು ಬೂದಿ ಮಾಡಹೊರಟು ರುಮಾಲನ್ನು ಸುಟ್ಟುಬಿಡುತ್ತದೆ; ರುಮಾಲನ್ನು ಕಂಡರೆ ಮುಖವನ್ನು ಮಸಿ ಮಾಡುತ್ತದೆ. ಇದಕ್ಕೆ ಮದ್ದೆಂದರೆ ಬೆಳಕನ್ನು ಬಹಳ ಮೇಲೆತ್ತದಿರುವುದು. ಎತ್ತರದಲ್ಲಿಟ್ಟರೆ ರುಮಾಲೇ ಕಣ್ಣಿಗೆ ಮರೆಯಾಗುತ್ತದೆ. ಕಣ್ಣಿನ ಮಟ್ಟಕ್ಕಿಂತ ಗೇಣು ಮೇಲೆ, ಮೂಗಿನ ನೇರದಿಂದ ನಲವತ್ತೈದು ಡಿಗ್ರಿಯಷ್ಟು ಪಕ್ಕಕ್ಕೆ ಇಟ್ಟು, ಕೊಡೆಯ ನಡುಭಾಗ ಎದೆಯ ಕಡೆಗೂ ಅದರ ಅಂಚು ಮಾತ್ರ ರುಮಾಲಿನ ಕಡೆಗೂ ಬರುವಂತೆ ಓರೆ ಮಾಡಬೇಕು. ಬೆಳಕಿನ ಸಾರ ಮುಖಕ್ಕೆ, ಸೆರಗು ಬಟ್ಟೆಗೆ. ಆಗ ಬೆಳಕಿನಿಂದ ಆಚೆಗಿರುವ ಕೆನ್ನೆಯ ಮೇಲೆ ಕಣ್ಣಿನ ಕೆಳಗೆ ಬೆಳಕಿನ ಪುಟ್ಟ ತ್ರಿಕೋಣವೊಂದು ಮೂಡುತ್ತದೆ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಹೆಸರಿನಿಂದ ಅದನ್ನು ಕರೆಯುವ ರೂಢಿ.

ಕಪ್ಪು ಮೈಬಣ್ಣದ ವಿಚಾರವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಬಹುಕಾಲದವರೆಗೆ ವರ್ಣಚಿತ್ರದ ಫಿಲಮುಗಳನ್ನೂ ಅವನ್ನು ಅಚ್ಚು ಹಾಕುವ ಯಂತ್ರಗಳನ್ನೂ ಹೊಂದಿಸುತ್ತಿದ್ದುದು ಬಿಳಿಯ ಹೆಂಗಸೊಬ್ಬಳ ಚಿತ್ರವಿದ್ದ ಮಾದರಿಯ ಹಾಳೆಗೆ. ಕೊಡಾಕ್ ಕಂಪೆನಿಯ ಆ ಹಾಳೆಗೆ ‘ಷರ್ಲಿ ಕಾರ್ಡ್’ ಎಂದೇ ಹೆಸರು. ಆ ಮಾದರಿಗೆ ಹೊಂದದ ಮುಖಗಳು ಕೆಸರಿನಂತೆ ಅಚ್ಚಾಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಬೇರೆ ಬೇರೆ ಬಣ್ಣದ ಮುಖಗಳಿದ್ದ ಹಾಳೆಗಳು ಬಂದುದು ಬಹಳ ತಡವಾಗಿ. ಈಗ ಫಿಲಮು ಹೋಗಿ ಮೊಬೈಲು ಬಂದಿದೆ. ಆದರೆ ಕೇಳದೆಯೇ ಮುಖಕ್ಕೆ ಬಿಳುಪು ಹಚ್ಚಿ ಸುಕ್ಕು ಅಳಿಸುವ ಯಂತ್ರಚಾತುರ್ಯವೂ ಅದರೊಡನೆಯೇ ಬಂದಿದೆ. ಕಪ್ಪು ಚರ್ಮಕ್ಕೆ ಬೇಕಾದುದು ಹೆಚ್ಚು ಬೆಳಕಲ್ಲ, ಅಗಲವಾದ ಬೆಳಕು. ಅದರ ಚೆಲುವಿರುವುದು ಹೊಳಪಿನಲ್ಲಿ. ಕಂಚಿನ ವಿಗ್ರಹದ ಆಕಾರ ನಮ್ಮ ಕಣ್ಣಿಗೆ ತಿಳಿಯುವುದು ಅದರ ಮೇಲೆ ಜಾರುವ ಹೊಳಪಿನಿಂದ ತಾನೆ? ದೊಡ್ಡ ಕೊಡೆಯನ್ನು ಹತ್ತಿರಕ್ಕೆ ತಂದು ಪಕ್ಕಕ್ಕಿಟ್ಟರೆ ಕೆನ್ನೆಯೆಲುಬಿನ ಮೇಲೆ, ಮೂಗಿನ ಏಣಿನ ಮೇಲೆ ಉದ್ದನೆಯ ಮೃದುವಾದ ಹೊಳಪು ಹರಿದು ಮುಖ ತಾನಾಗಿಯೇ ಎದ್ದುಬರುತ್ತದೆ. ಮುಖವನ್ನು ಬೆಳ್ಳಗೆ ಮಾಡಿಕೊಟ್ಟು ಉಪಕಾರ ಮಾಡಿದೆನೆಂದುಕೊಳ್ಳುವ ಛಾಯಾಗ್ರಾಹಕ ಎದುರಿಗೆ ಕುಳಿತವರನ್ನು ನೋಡಿಯೇ ಇಲ್ಲ.

ಮೊಳಕಾಲ್ಮೂರಿನ ರೇಷ್ಮೆಯೂ ಇಂಥದೇ ಪಾಠವನ್ನು ಕಲಿಸುತ್ತದೆ. ಜರಿಯ ಅಂಚು ಕನ್ನಡಿಯಿದ್ದಂತೆ: ಬೆಳಕು ಯಾವ ಕೋನದಲ್ಲಿ ಬಂದಿತೋ ಅದೇ ಕೋನದಲ್ಲಿ ಹಿಂದಿರುಗುತ್ತದೆ. ಕ್ಯಾಮರಾದ ಮೇಲಿನ ಫ್ಲಾಶಿಗೆ ಜರಿ ಬರಿಯ ಬಿಳಿಯ ಮಚ್ಚೆ. ಮಗ್ಗುಲಿನ ಬೆಳಕಿಗೆ ಬುಟ್ಟ, ಸೆರಗು, ಎಳೆ ಎಳೆಯೂ ಲೆಕ್ಕಕ್ಕೆ ಸಿಕ್ಕುತ್ತದೆ. ಕನ್ನಡಕ ಹಾಕಿದವರ ಕಷ್ಟಕ್ಕೂ ಇದೇ ಪರಿಹಾರ. ನೇಯುವವರ ಚಿತ್ರವನ್ನು ಮಗ್ಗದ ಬಳಿಯೇ ತೆಗೆಯುವುದಾದರೆ ಮಾತ್ರ ಅನುಮತಿ ಕೇಳಿ, ಕೆಲಸದ ನಡುವಿನ ಬಿಡುವನ್ನು ಕಾದು ಹಾರಿಸುವುದು ಮರ್ಯಾದೆ. ಎಳೆಯ ಮೇಲೆ ಕಣ್ಣಿಟ್ಟವರ ಎದುರಿಗೆ ಹಠಾತ್ತನೆ ಮಿಂಚು ಹೊಡೆದರೆ ತಪ್ಪಿದ ಎಳೆಯ ನಷ್ಟ ಅವರದು. ಫ್ಲಾಶೆಂಬುದೇ ಅಸಭ್ಯವೆಂದು ಫ್ರಾನ್ಸಿನ ಹೆನ್ರಿ ಕಾರ್ತಿಯೆ-ಬ್ರೆಸ್ಸೋನ್ ಕೊನೆಯವರೆಗೂ ಅದನ್ನು ದೂರವಿಟ್ಟಿದ್ದ. ಅವನ ಮಾತನ್ನು ಪೂರ್ತಿ ಒಪ್ಪಬೇಕಾಗಿಲ್ಲ, ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ.

ಬೆಳಕನ್ನು ಬೇಕಾದಲ್ಲಿಗೆ ಕರೆತರುವ ವಿದ್ಯೆಯಲ್ಲಿ ಕನ್ನಡ ನಾಡು ಹಿಂದೆ ಬಿದ್ದದ್ದಲ್ಲ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಓದಿದ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲು ತುಂಬಿದ ಸ್ಟುಡಿಯೋದೊಳಕ್ಕೆ ಸೂರ್ಯನ ಕೋಲನ್ನೇ ಇಳಿಸಿದರು. ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿ, ಅದರಿಂದ ಬಂದ ಬೆಳಕನ್ನು ಒಳಕ್ಕೆ ತಿರುಗಿಸಲು ಮತ್ತೊಂದು, ಉಪಕರಣವೆಂದರೆ ಇಷ್ಟೇ. ಛಾಯಾಗ್ರಾಹಕರ ಪೈಕಿ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದವರಲ್ಲಿ ಅವರೇ ಮೊದಲಿಗರು. ಅದಕ್ಕೂ ಮುಂಚೆ, 1956ರ ‘ಅಪರಾಜಿತೊ’ದಲ್ಲಿ, ಬಂಗಾಳದ ಸುಬ್ರತ ಮಿತ್ರರು ಕಾಶಿಯ ಮನೆಯಂಗಳದ ಬೆಳಕಿಗಾಗಿ ಬಿಳಿಯ ಬಟ್ಟೆಯನ್ನು ಮೇಲೆ ಬಿಗಿದು, ದೀಪಗಳ ಬೆಳಕನ್ನು ಅದಕ್ಕೆ ಹೊಡೆದು ಇಳಿಸಿದ್ದರು. ನಮ್ಮ ಹವ್ಯಾಸಿಯ ಪಂಚೆಗೂ ಆ ಬಟ್ಟೆಗೂ ತತ್ತ್ವದಲ್ಲಿ ಭೇದವಿಲ್ಲ. ಹವ್ಯಾಸವೆಂದು ಹಿಡಿದ ಕ್ಯಾಮರಾದಿಂದ ಹೆಸರು ಮಾಡಿದವರೂ ದೂರದವರಲ್ಲ. ನೆರೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ವನ್ಯಜೀವಿಗಳ ಕಪ್ಪುಬಿಳುಪು ಚಿತ್ರಗಳಿಂದ ಹೊರದೇಶಗಳಲ್ಲಿಯೂ ಮನ್ನಣೆ ಪಡೆದರು. ಕಾಫಿ ತೋಟದ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಯ ಚಿತ್ರಗಳನ್ನು ಕಾಣದ ಕನ್ನಡಿಗರು ಕಡಮೆ. 1971ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಯೂತ್ ಫೋಟೋಗ್ರಫಿಕ್ ಸೊಸೈಟಿಯಂತಹ ಸಂಘಗಳು ಹವ್ಯಾಸಿಗಳಿಗೆ ಕಲಿಯುವ ನೆರವನ್ನು ಒದಗಿಸುತ್ತ ಬಂದಿವೆ.

ಇಷ್ಟೆಲ್ಲ ಕಲಿತು, ಅಜ್ಜಿಯನ್ನು ಕೂರಿಸಿ, ರೆಂಬ್ರಾಂಟನ ತ್ರಿಕೋಣವನ್ನು ಕೆನ್ನೆಯ ಮೇಲೆ ಮೂಡಿಸಿ, ಕಂಬಳಿಯ ಕತ್ತಲೆಯಿಂದ ಮುಖವನ್ನು ಎತ್ತಿ ತಂದು, ಹೆಮ್ಮೆಯಿಂದ ಪ್ರತಿ ತೆಗೆದುಕೊಂಡು ಹೋದ ಹವ್ಯಾಸಿಗೆ ಮನೆಯವರು ಹೇಳುವ ಮೊದಲ ಮಾತು ಬಹುಮಟ್ಟಿಗೆ ಒಂದೇ: “ಅಲ್ಲಪ್ಪಾ, ಅರ್ಧ ಮಕ ಕತ್ತಲಾಗೇತಲ್ಲ, ಕರೆಂಟ್ ಹೋಗಿತ್ತೇನು?” ಕೇಳಿ ನಗುವುದು ಸುಲಭ. ಆದರೆ ಪೂಜೆಗೆ ಇಡುವ ಪಟದಲ್ಲಿ ಅರ್ಧ ಮುಖವನ್ನು ಕತ್ತಲಿಗೆ ಕೊಡಲು ಅವರ ಮನಸ್ಸು ಒಪ್ಪುವುದಿಲ್ಲ. ಅವರಿಗೆ ಬೇಕಾದುದು ಎರಡು ಕಣ್ಣು, ಎರಡು ಕಿವಿ, ಮೂಗುಬೊಟ್ಟು, ಸಾಧ್ಯವಾದರೆ ಮಡಿಲ ಮೇಲಿಟ್ಟ ಎರಡು ಕೈ. ನೇರವಾಗಿ ಕುಳಿತ, ನಗದ, ಗಂಭೀರವಾದ ಮುಖ. ಈ ಬೇಡಿಕೆಯಲ್ಲಿ ದಡ್ಡತನವೇನೂ ಇಲ್ಲ. ಯಾರೂ ಅಳಿಸದಂತೆ ಇಡಿಯ ಮನುಷ್ಯಳನ್ನು ಉಳಿಸಿಕೊಳ್ಳಬೇಕೆಂಬುದು ಅದರ ಅರ್ಥ. ಬಲ್ಲವರು ಇಂತಹ ಪಟಕ್ಕೆ ಬೆಳಕನ್ನು ತುಸು ಮುಂದಕ್ಕೆ ತಂದು, ನೆರಳಿನ ಪಕ್ಕಕ್ಕೆ ಪಂಚೆ ಹಿಡಿಸಿ, ಎರಡು ಕೆನ್ನೆಗಳ ನಡುವೆ ಒಂದು ಸ್ಟಾಪಿನಷ್ಟು, ಎಂದರೆ ಎರಡಕ್ಕೊಂದರ ಅಂತರವನ್ನು ಮಾತ್ರ ಉಳಿಸುತ್ತಾರೆ. ಸುಕ್ಕೂ ಓದುವಂತಿರುತ್ತದೆ, ಮುಖವೂ ಪೂರ್ಣವಾಗಿರುತ್ತದೆ. ಪಂಚೆ ಹಿಡಿಯಲು ಮೊಮ್ಮಗನೊಬ್ಬ ಸಿಕ್ಕಿದರೆ ಸ್ಟ್ಯಾಂಡಿನ ಖರ್ಚೂ ಉಳಿಯಿತು. ಅವನನ್ನು ನೋಡಿ ಅಜ್ಜಿಯ ಕಣ್ಣಿನ ಬಿಗುವು ಸಡಿಲವಾಗುವುದೂ ಉಂಟು. ಹತ್ತು–ಹನ್ನೆರಡು ಅಂಗುಲದ ಪ್ರತಿಗೆ ಉದ್ದ ಅಗಲಗಳಲ್ಲಿ ಮೂರೂವರೆ ಸಾವಿರ, ಮೂರು ಸಾವಿರ ಚುಕ್ಕಿಗಳಿದ್ದರೆ ಧಾರಾಳ. ಈಗಿನ ಸಾಧಾರಣ ಕ್ಯಾಮರಾಗಳಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತವೆ. ಆ ಪ್ರತಿಯನ್ನು ಚೌಕಟ್ಟು ಹಾಕಿಸಿ ಮನೆಯವರ ಕೈಗೆ ಕೊಟ್ಟ ಮೇಲೆ, ಕಂಬಳಿಯ ಕತ್ತಲೆಯ ಆ ಇನ್ನೊಂದು ಚಿತ್ರಕ್ಕಾಗಿ ಇನ್ನು ಹತ್ತು ನಿಮಿಷ ಕೂರಲು ಅಜ್ಜಿ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ.